ಡಬ್ಬಿಯ ಹಿಂದಿನ ಮಸಿ

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಹಗಲು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿದವಳು ನಾನು. ಪತ್ತೇದಾರಿಕೆ ನನ್ನ ಕಸುಬಲ್ಲ. ಅಣ್ಣನ ವಿಷಯವಾದ್ದರಿಂದ ಬರವಣಿಗೆಯಲ್ಲಿ ಪಕ್ಷಪಾತ ನುಸುಳಿದ್ದರೆ ಓದುವವರು ಕ್ಷಮಿಸಬೇಕು. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ, ಅದರಿಂದ ನಮ್ಮ ಮನೆಯ ಮಾನ ಬೀದಿಗೆ ಬಿದ್ದರೂ.

"ಆ ಬೋಲ್ಟ್ ಮುಟ್ಟಬೇಡಮ್ಮಾ. ಮೊದಲು ನಾನು ನೋಡ್ತೀನಿ," ಅಂದರು ಸರ್ವೇಯರ್.

ಕೈ ಹಿಂದಕ್ಕೆ ಎಳೆದುಕೊಂಡೆ. ವಿಮಾ ಕಂಪನಿಯ ಈ ಸರ್ವೇಯರಿಗೆ ಗ್ಯಾರೇಜಿನವರೆಲ್ಲ ಭೂತಗನ್ನಡಿ ಅಂತ ಹೆಸರಿಟ್ಟಿದ್ದಾರೆ. ಅವರ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಊಟದ ತಟ್ಟೆಯನ್ನೂ ಅದರಲ್ಲಿ ನೋಡಿಯೇ ತುತ್ತು ಎತ್ತುತ್ತಾರೆ ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಈಗ ಆ ಕನ್ನಡಿಯ ಕೆಳಗಿದ್ದದ್ದು ಅಣ್ಣನ ಹಣೆಬರಹ.

ಬೆಟ್ಟದ ರಸ್ತೆಯ ಅಭ್ಯಾಸ ಓಟದಲ್ಲಿ ಈ ಕೆಂಪು ಕಾರಿಗೆ ಬೆಂಕಿ ಬಿದ್ದು, ಓಡಿಸುತ್ತಿದ್ದ ಹುಡುಗನ ಎರಡೂ ಕೈ ಸುಟ್ಟು, ಎಲ್ಲರ ಬೆರಳೂ ಗ್ಯಾರೇಜ್ ನಡೆಸುವ ನನ್ನ ಅಣ್ಣ ಅದರಲ್ಲಿ ಕೂರಿಸಿದ್ದ ಒಂದು ಡಬ್ಬಿಯ ಕಡೆ ತಿರುಗಿತ್ತು.

ಸಂಜೆ ಐದಕ್ಕೆ ಸರ್ವೇಯರ್ ವರದಿ ಠಾಣೆ ತಲುಪಬೇಕು. ಅದರಲ್ಲಿ 'ಅಳವಡಿಕೆಯ ತಪ್ಪು' ಎಂಬ ಮಾತಿದ್ದರೆ ಅಣ್ಣ ಇವತ್ತೇ ಒಳಗೆ. ಬೆಳಿಗ್ಗೆಯೇ ಅವನನ್ನು ಹೇಳಿಕೆಗೆಂದು ಕರೆಸಿಕೊಂಡಿದ್ದರು.

"ಇನ್ನೂ ಎಷ್ಟು ನೋಡ್ತೀರಿ ಸಾರ್?" ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೇಳಿದರು. ಟೈಲ್ಸ್ ಅಂಗಡಿಯ ಮಾಲೀಕರು ಅವರು. ಕಾರೂ ಅವರದೇ, ಶೆಡ್ಡೂ ಅವರದೇ, ಆಸ್ಪತ್ರೆಯಲ್ಲಿ ಮಲಗಿರುವ ಹುಡುಗ ಅವರ ಅಳಿಯ. "ಡಬ್ಬಿ ಸೋರಿದೆ. ಎಣ್ಣೆ ಟರ್ಬೊ ಮೇಲೆ ಬಿದ್ದಿದೆ. ಹೊತ್ಕೊಂಡಿದೆ. ಚಿಕ್ಕ ಮಗೂಗೂ ಅರ್ಥ ಆಗುತ್ತೆ."

"ಚಿಕ್ಕ ಮಕ್ಕಳ ವರದೀನ ನಮ್ಮ ಕಂಪನಿ ತಗೊಳಲ್ಲ," ಅಂದರು ಸರ್ವೇಯರ್, ತಲೆ ಎತ್ತದೆ.

ಆ ಡಬ್ಬಿ ಏನು ಎಂದು ಇಲ್ಲಿ ಹೇಳಿಬಿಡಬೇಕು.

ಎಂಜಿನ್ನೂ ನಮ್ಮ ಹಾಗೆ ಉಸಿರು ಬಿಡುತ್ತದೆ. ಓಟದ ಕಾರಿನ ಎಂಜಿನ್ ಏದುಸಿರು ಬಿಡುತ್ತದೆ. ಆ ಉಸಿರಿನಲ್ಲಿ ಎಣ್ಣೆಯ ಹಬೆ ಇರುತ್ತದೆ. ಅದು ತಿರುಗಿ ಎಂಜಿನ್ನಿನ ಬಾಯಿಗೇ ಹೋದರೆ ಒಳಗೆಲ್ಲ ಜಿಡ್ಡು. ಅದಕ್ಕೆ ಮಧ್ಯದಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ ಕೂರಿಸುತ್ತಾರೆ. ಒಂದು ಪೈಪಿನಲ್ಲಿ ಹಬೆ ಒಳಗೆ ಬರುತ್ತದೆ, ಒಳಗಿನ ತಂತಿಬಲೆಗೆ ತಾಗಿ ಎಣ್ಣೆ ಹನಿಯಾಗಿ ತಳಕ್ಕೆ ಇಳಿಯುತ್ತದೆ, ಉಳಿದ ಗಾಳಿ ಇನ್ನೊಂದು ಪೈಪಿನಲ್ಲಿ ಹೊರಟುಹೋಗುತ್ತದೆ. ಅಂಗಡಿಯಲ್ಲಿ ನಾವು ಅದನ್ನು ಕ್ಯಾಚ್ ಕ್ಯಾನ್ ಅನ್ನುತ್ತೇವೆ. ಅಣ್ಣ ಅನ್ನುವುದು ಎಂಜಿನ್ನಿನ ಪೀಕದಾನಿ.

ಅದನ್ನು ಕೂರಿಸಿದ ಭಾನುವಾರ ನಾನೂ ಗ್ಯಾರೇಜಿನಲ್ಲಿದ್ದೆ. ಡಬ್ಬಿ ಮಾರಿದವಳೇ ನಾನು. ಒಂದು ಈ ಕಾರಿಗೆ, ಇನ್ನೊಂದು ಬೇರೆ ಗಿರಾಕಿಗೆ ಎಂದು ಅಣ್ಣ ಜೋಡಿ ತೆಗೆದುಕೊಂಡಿದ್ದ. ಎರಡನೆಯದು ಗ್ಯಾರೇಜಿನ ಹಲಗೆಯ ಮೇಲೆ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು.

ಕೆಂಡದ ಹಾಗೆ ಕಾಯುವ ಟರ್ಬೊ ಎಡಕ್ಕಿದೆ ಎಂದು ಅಣ್ಣ ಎಂಜಿನ್ ಗೂಡಿನ ಬಲಗೋಡೆಗೆ ಡಬ್ಬಿ ಹಿಡಿಯುವ ಬ್ರಾಕೆಟ್ ಇಟ್ಟು ನೋಡಿದ. ಬಾನೆಟ್ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿದ. ಪೈಪು ಎಲ್ಲಿಯೂ ಮಡಚಿಕೊಳ್ಳಬಾರದು, ತಗ್ಗಿ ನಿಲ್ಲಬಾರದು ಎಂದು ಒಂದು ತುಂಡು ಕತ್ತರಿಸಿ ಬಿಸಾಕಿ ಇನ್ನೊಂದು ಕತ್ತರಿಸಿದ. ನಾನು ಟಾರ್ಚ್ ಹಿಡಿದಿದ್ದೆ. ಅತ್ತಿಗೆ ಸ್ಪ್ಯಾನರ್ ಕೊಡುತ್ತಿದ್ದರು.

"ಮದುವೆ ಮಂಟಪಕ್ಕೆ ತೋರಣ ಕಟ್ಟೋವಾಗ್ಲೂ ಇಷ್ಟು ಯೋಚನೆ ಮಾಡ್ಲಿಲ್ಲ ನಿಮ್ಮಣ್ಣ," ಅಂದರು ಅತ್ತಿಗೆ.

"ಮಂಟಪ ಗಂಟೆಗೆ ಇನ್ನೂರು ಕಿಲೋಮೀಟರ್ ಓಡಲ್ಲ," ಅಂದ ಅಣ್ಣ. "ಕೊಡು ನಿನ್ನ ಬಾಟಲಿ."

ಅದು ನಮ್ಮ ಗ್ಯಾರೇಜಿನ ಪದ್ಧತಿ. ಬೇರೆ ಕಡೆಯವರು ಬಿಗಿ ಮಾಡಿದ ಬೋಲ್ಟಿಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಅಣ್ಣ ಅತ್ತಿಗೆಯ ಉಗುರುಬಣ್ಣದಲ್ಲಿ ಒಂದು ಹನಿ ಇಡುತ್ತಾನೆ. ಯಾರಾದರೂ ಬೋಲ್ಟ್ ಬಿಚ್ಚಿದರೆ ಆ ಹನಿ ಒಡೆಯುತ್ತದೆ. ಆ ವಾರ ಅತ್ತಿಗೆಯ ಬೆರಳಲ್ಲಿ ಯಾವ ಬಣ್ಣವೋ ಆ ವಾರದ ಕಾರಿಗೂ ಅದೇ ಬಣ್ಣ. ಆ ಭಾನುವಾರ ನವಿಲು ಬಣ್ಣ.

"ಅರ್ಧ ಬಾಟಲಿ ನಿನ್ನ ಬೋಲ್ಟಿಗೇ ಆಯ್ತು," ಎಂದು ಅತ್ತಿಗೆ ಗೊಣಗಿದರು. "ನಾಳೆಯಿಂದ ಅದಕ್ಕೇ ಬಳೆನೂ ತೊಡಿಸು."

ಪೈಪಿನ ಕ್ಲಿಪ್ಪುಗಳ ಮೇಲೆ, ಬ್ರಾಕೆಟ್ಟಿನ ಎರಡು ಬೋಲ್ಟಿನ ಮೇಲೆ ನವಿಲು ಬಣ್ಣದ ಹನಿ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶೆಡ್ಡಿಗೆ ಬರುತ್ತೇನೆ.

ಎಂಜಿನ್ನಿನ ಎಡಭಾಗ ಸುಟ್ಟು ಕರಕಲಾಗಿತ್ತು. ಬಲಗೋಡೆಯವರೆಗೆ ಬೆಂಕಿ ಬಂದಿರಲಿಲ್ಲ, ಹೊಗೆ ಬಂದಿತ್ತು. ಎಲ್ಲದರ ಮೇಲೂ ಮಸಿ. ಡಬ್ಬಿಯೂ ಕಪ್ಪಗಿತ್ತು.

ಸರ್ವೇಯರ್ ಕನ್ನಡಿಯನ್ನು ಮೆಲ್ಲಗೆ ಜರುಗಿಸುತ್ತ ಹೋದರು. ಒಂದು ಕಡೆ ನಿಂತರು.

"ಡಿಪ್‌ಸ್ಟಿಕ್ ಮೇಲಕ್ಕೆ ಬಂದಿದೆಯಲ್ಲ. ಯಾರು ಎಳೆದಿದ್ದು?"

ಎಣ್ಣೆ ಅಳೆಯುವ ಆ ಕಡ್ಡಿ ತನ್ನ ಕೊಳವೆಯಿಂದ ಗೇಣುದ್ದ ಮೇಲೆದ್ದು ವಾರೆಯಾಗಿ ನಿಂತಿತ್ತು.

"ಬೆಂಕಿ ಆರಿಸೋಕೆ ಬಂದವರು ಎಳೆದಿರ್ತಾರೆ," ಅಂದರು ಯಜಮಾನರು. ಉತ್ತರ ತುಸು ಬೇಗ ಬಂತು ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಬೇಕೆಂದು ನಾನೇ ಬಯಸಿದ್ದರೂ ಇರಬಹುದು.

"ಬೆಂಕಿ ಆರಿಸೋರು ಎಣ್ಣೆ ಎಷ್ಟಿದೆ ಅಂತ ನೋಡ್ತಾರಾ?" ಅಂದರು ಸರ್ವೇಯರ್.

ನನಗೆ ಸಂಜೆ ತರಗತಿಯ ಮೇಷ್ಟ್ರು ನೆನಪಾದರು. ಸೋರಿದ್ದು ಎಲ್ಲಿ ಎಂದು ಕೇಳಬೇಡಿ, ಒಳಗೆ ಎಷ್ಟು ಉಳಿದಿದೆ ಎಂದು ಮೊದಲು ನೋಡಿ, ಎನ್ನುತ್ತಿದ್ದರು. ಹೇಳಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿದೆ. ತಪ್ಪಾದರೆ ಅಣ್ಣನಿಗೇ ಕೆಡುಕು. ಸುಮ್ಮನಿದ್ದರೆ ಕೆಡುಕು ಖಾತ್ರಿ.

"ಸಾರ್, ಡಬ್ಬಿಯ ಮುಚ್ಚಳ ಬಿಚ್ಚಿ ನೋಡಬಹುದಾ?"

"ಬಿಚ್ಚೋದು ಯಾಕೆ?" ಯಜಮಾನರು ಒಳಗೆ ಬಂದರು. "ಅದು ಸಾಕ್ಷಿ. ಮೆಕ್ಯಾನಿಕ್ ತಂಗಿ ಬಂದು ಸಾಕ್ಷಿ ಬಿಚ್ತೀನಿ ಅಂದ್ರೆ ಒಪ್ಪೋಕಾಗುತ್ತಾ? ಏನಮ್ಮಾ, ನಮ್ಮ ಹುಡುಗನ ಕೈ ನೋಡಿದ್ದೀಯಾ ನೀನು?"

"ನೋಡಿದ್ದೀನಿ ಸಾರ್. ಎರಡು ಸಲ ಹೋಗಿ ಬಂದೆ."

"ಹಣ್ಣು ತಗೊಂಡು ಹೋಗಿದ್ದೆ ಅಂತ ಕೇಳ್ದೆ. ಹಿಡಿಯೋಕೆ ಕೈ ಬೇಕಲ್ಲ."

ನಾನು ಜಾಗ ಬಿಟ್ಟು ಕದಲಲಿಲ್ಲ.

"ನಾನು ಮುಟ್ಟಲ್ಲ," ಅಂದೆ. "ಸರ್ವೇಯರೇ ಬಿಚ್ಚಲಿ. ನೀವೂ ಪಕ್ಕದಲ್ಲೇ ನಿಂತ್ಕೊಳ್ಳಿ. ಡಬ್ಬಿಯಿಂದ ಎಣ್ಣೆ ಸೋರಿದ್ದು ನಿಜವಾದ್ರೆ ಒಳಗೆ ಬಲೆ ಒದ್ದೆ ಇರಬೇಕು."

ಸರ್ವೇಯರ್ ಕೈಗವಸು ಹಾಕಿಕೊಂಡು ಮುಚ್ಚಳ ತಿರುಗಿಸಿದರು. ಟಾರ್ಚ್ ಬಿಟ್ಟರು. ಬೆರಳು ಇಳಿಸಿದರು. ಆ ಬೆರಳನ್ನು ಬೆಳಕಿಗೆ ಹಿಡಿದರು.

ಕೈಗವಸಿನ ತುದಿ ಬಿಳಿಯಾಗಿಯೇ ಇತ್ತು.

ತಂತಿಬಲೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು.

"ಈ ಡಬ್ಬಿ ಒಂದು ಹನಿ ಎಣ್ಣೇನೂ ಕುಡಿದಿಲ್ಲ," ಅಂದರು ಸರ್ವೇಯರ್. "ಕಾರು ಆ ವಾರ ಓಡಿತ್ತಾ ಯಜಮಾನರೇ?"

"ಓಡದೆ? ದಿನಾ ಅಭ್ಯಾಸ ಇತ್ತು."

"ಹಾಗಾದ್ರೆ ಇದು ಉಪವಾಸ ಕೂತಿತ್ತಾ?"

ಯಜಮಾನರು ಕೈಯಲ್ಲಿದ್ದ ಬೀಗದ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. "ಬೆಂಕಿ ಶಾಖಕ್ಕೆ ಒಣಗಿರುತ್ತೆ."

"ಎಣ್ಣೆ ಒಣಗಿದ್ರೆ ಕಂದು ಅಂಟು ಉಳಿಯುತ್ತೆ ಸಾರ್," ಅಂದೆ. "ಬಾಣಲೆ ತಳದಲ್ಲಿ ಉಳಿಯೋ ಹಾಗೆ. ಹೀಗೆ ತೊಳೆದಿಟ್ಟ ಹಾಗೆ ಇರಲ್ಲ."

ಸರ್ವೇಯರ್ ಬ್ರಾಕೆಟ್ಟಿನ ಎರಡೂ ಬೋಲ್ಟ್ ಬಿಚ್ಚಿದರು. ಬೋಲ್ಟುಗಳು ಹಟ ಮಾಡದೆ ಸರಾಗವಾಗಿ ಬಂದವು. ಡಬ್ಬಿಯನ್ನು ಬ್ರಾಕೆಟ್ ಸಮೇತ ಗೋಡೆಯಿಂದ ಎತ್ತಿದರು.

ಮೂವರೂ ಬಗ್ಗಿದೆವು.

ಗೋಡೆಗೆ ನೇತುಹಾಕಿದ್ದ ಪಟವನ್ನು ವರ್ಷಗಳ ಮೇಲೆ ತೆಗೆದರೆ ಅದರ ಹಿಂದೆ ಸುಣ್ಣ ಬೆಳ್ಳಗೆ ಉಳಿದಿರುತ್ತದೆ. ಹಾಗೆಯೇ ಇಲ್ಲಿ ಬ್ರಾಕೆಟ್ ಕೂತಿದ್ದ ಜಾಗದಲ್ಲಿ ಕಾರಿನ ಕೆಂಪು ಬಣ್ಣ ಚೊಕ್ಕಟವಾಗಿ ಉಳಿದಿರಬೇಕಿತ್ತು. ಉಳಿದಿರಲಿಲ್ಲ. ಸುತ್ತ ಎಷ್ಟು ಮಸಿಯೋ ಹಿಂದೆಯೂ ಅಷ್ಟೇ ಮಸಿ. ಒಂದೇ ಸಮನೆ.

ತಪ್ಪಾಗಿ ನೋಡುತ್ತಿರಬಹುದೆಂದು ಕಣ್ಣು ಮುಚ್ಚಿ ಮತ್ತೆ ನೋಡಿದೆ.

"ಬೆಂಕಿ ಬಿದ್ದಾಗ ಇಲ್ಲಿ ಡಬ್ಬಿ ಇರಲಿಲ್ಲ," ಅಂದರು ಸರ್ವೇಯರ್, ಒಂದೊಂದೇ ಮಾತು ತೂಗಿ ಇಡುತ್ತ. "ಹೊಗೆ ಕೂತ ಮೇಲೆ ಯಾರೋ ಇದನ್ನು ತಂದು ಕೂರಿಸಿದ್ದಾರೆ. ಮೇಲಿನ ಮಸಿ ಕೈಯಲ್ಲಿ ಸವರಿದ್ದು. ನೋಡಿ, ಬೆರಳ ಗೆರೆ."

ಎದೆಯ ಮೇಲಿನ ಬಂಡೆ ಯಾರೋ ಎತ್ತಿಕೊಂಡ ಹಾಗಾಯಿತು. ಇಲ್ಲದ ಡಬ್ಬಿ ಸೋರುವುದು ಹೇಗೆ? ಅಣ್ಣ ಗೆದ್ದ.

ಆ ಸಮಾಧಾನ ಹೆಚ್ಚು ಹೊತ್ತು ಇರಲಿಲ್ಲ.

"ಇದೇನಿದು?" ಸರ್ವೇಯರ್ ಪೈಪಿನ ಕ್ಲಿಪ್ಪನ್ನು ಕನ್ನಡಿಯ ಕೆಳಗೆ ತಂದರು. ಸ್ಕ್ರೂ ತಲೆಯ ಮೇಲೆ ಮಸಿ ಸವರಿದ ಒಂದು ಉಬ್ಬು. ಹಳೇ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. "ನಿಮ್ಮ ಅಣ್ಣನ ಗುರುತಲ್ವಾ? ಉಗುರುಬಣ್ಣ?"

"ಆಯ್ತಲ್ಲ," ಅಂದರು ಯಜಮಾನರು. ಅವರ ದನಿಗೆ ಮತ್ತೆ ಜೀವ ಬಂತು. "ಅವನೇ ಕೂರಿಸಿದ್ದು. ಗುರುತೇ ಹೇಳ್ತಿದೆ. ಈಗೇನಂತೀಯಮ್ಮಾ?"

ನಾನು ಬಗ್ಗಿ ನೋಡಿದೆ.

ನವಿಲು ಬಣ್ಣ ಅಲ್ಲ. ದಾಳಿಂಬೆ ಬಣ್ಣ. ಅದರೊಳಗೆ ಸಣ್ಣ ಚಿನ್ನದ ಪುಡಿ.

ಬೆಂಕಿ ಬಿದ್ದ ಮೇಲೆ ಅತ್ತಿಗೆ ಊಟ ಬಿಟ್ಟಿದ್ದರು. ಅವರ ಮನಸ್ಸು ಸ್ವಲ್ಪ ಹಗುರವಾಗಲಿ ಎಂದು ಆಸ್ಪತ್ರೆಯಿಂದ ಬರುವಾಗ ನಾನೇ ಒಂದು ಬಾಟಲಿ ದಾಳಿಂಬೆ ಬಣ್ಣ ತಂದುಕೊಟ್ಟಿದ್ದೆ. ಅತ್ತಿಗೆ ಯಾವ ಬಣ್ಣವನ್ನೂ ಇದ್ದ ಹಾಗೆ ಹಚ್ಚಿಕೊಂಡವರಲ್ಲ. ಹಳೆಯ ಬಾಟಲಿಯ ತಳದಲ್ಲಿದ್ದ ಚಿನ್ನದ ಪುಡಿಯನ್ನು ಅದಕ್ಕೆ ಸುರಿದು, ನನ್ನ ಕಣ್ಣೆದುರಿಗೇ ಕಲಕಿದ್ದರು.

ಆ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಇರುವುದು ನಮ್ಮ ಮನೆಯ ಕನ್ನಡಿ ಗೂಡಿನಲ್ಲಿ ಮಾತ್ರ.

ಸುಮ್ಮನಿರಬಹುದಿತ್ತು. ಹೌದು ಸಾರ್, ಅಣ್ಣನ ಗುರುತೇ ಎಂದಿದ್ದರೆ ಅಣ್ಣ ಸಿಕ್ಕಿಬೀಳುತ್ತಿದ್ದ. ಗೊತ್ತಿಲ್ಲ ಸಾರ್ ಎಂದಿದ್ದರೆ ಎಲ್ಲರೂ ಉಳಿಯುತ್ತಿದ್ದರು. ಆ ಎರಡನೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಆಸ್ಪತ್ರೆಯಲ್ಲಿ ದಿಂಬಿನ ಮೇಲೆ ಇಟ್ಟಿದ್ದ ಎರಡು ಬಿಳಿ ಪಟ್ಟಿಯ ಕೈಗಳು ಕಣ್ಣೆದುರು ಬಂದವು.

"ಭಾನುವಾರ ಅಣ್ಣ ಇಟ್ಟ ಹನಿ ನವಿಲು ಬಣ್ಣದ್ದು ಸಾರ್," ಅಂದೆ. "ಇದು ಬೇರೆ. ಇದರ ಬಾಟಲಿ ಬೆಂಕಿ ಬಿದ್ದ ಮೇಲೆ ನಮ್ಮ ಮನೆಗೆ ಬಂದದ್ದು. ತಂದವಳು ನಾನೇ."

ಯಜಮಾನರು ನಕ್ಕರು. "ನೋಡಿದ್ರಾ ಸಾರ್? ಮನೆಮಂದಿಯೆಲ್ಲ ಸೇರಿ ಸಾಕ್ಷಿ ತಯಾರು ಮಾಡಿದ್ದಾರೆ. ಇವಳೇ ಒಪ್ಕೊಂಡಳು."

"ಒಪ್ಕೊಂಡಿಲ್ಲ. ಹೇಳಿದಳು," ಅಂದರು ಸರ್ವೇಯರ್. ಕನ್ನಡಿ ಜೇಬಿಗೆ ಸೇರಿತು. ನನ್ನ ಕಡೆ ತಿರುಗಿದರು. "ಐದಕ್ಕೆ ನನ್ನ ವರದಿ ಹೋಗಲೇಬೇಕು ತಂಗಿ. ಇಲ್ಲಿ ಇದ್ದ ಡಬ್ಬಿ ಏನಾಯ್ತು, ಇದನ್ನ ಯಾಕೆ ತಂದಿಟ್ಟರು. ಅಷ್ಟೊತ್ತಿಗೆ ಇದು ಗೊತ್ತಾದ್ರೆ ಬರೀತೀನಿ. ಇಲ್ಲದಿದ್ರೆ ನೋಡಿದ್ದನ್ನೇ ಬರೀಬೇಕು. ಆಗ ನಿಮ್ಮಣ್ಣನ ಜೊತೆ ಇನ್ನೊಬ್ಬರ ಹೆಸರೂ ಸೇರುತ್ತೆ."

"ಬರ್ತೀನಿ ಸಾರ್," ಅಂದೆ. "ಐದರೊಳಗೆ ಬರ್ತೀನಿ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ.

ಅತ್ತಿಗೆ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ಅವರ ಬೆರಳುಗಳನ್ನು. ಹತ್ತೂ ಉಗುರು ಬೋಳಾಗಿದ್ದವು. ಬಣ್ಣ ಉಜ್ಜಿ ತೆಗೆದ ಅಂಚುಗಳಲ್ಲಿ ಚರ್ಮ ಕೆಂಪಾಗಿತ್ತು.

"ಬಂದ್ಯಾ ಪುಟ್ಟಿ? ಊಟ ಮಾಡ್ತೀಯಾ?"

"ಆಮೇಲೆ ಅತ್ತಿಗೆ. ಗ್ಯಾರೇಜ್ ಹಲಗೆ ಮೇಲಿನ ಎರಡನೇ ಡಬ್ಬಿ ಎಲ್ಲಿ?"

"ನಂಗೇನು ಗೊತ್ತು? ಗಿರಾಕಿ ತಗೊಂಡು ಹೋಗಿರ್ತಾನೆ."

"ಗಿರಾಕಿ ಬಿಲ್ಲು ಹಾಕ್ಸೋಕೆ ನನ್ನ ಹತ್ರ ಬರಬೇಕಿತ್ತಲ್ಲ."

ಅತ್ತಿಗೆ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. ಇನ್ನೊಂದು ಹೆಕ್ಕಿದರು. ಅದು ಕಲ್ಲಲ್ಲ, ಬೇಳೆ.

"ಸರ್ವೇಯರ್ ಬ್ರಾಕೆಟ್ ಬಿಚ್ಚಿದ್ರು," ಅಂದೆ. "ಹಿಂದೆಯೂ ಮಸಿ ಇತ್ತು. ಡಬ್ಬಿ ಒಳಗೆ ಬಲೆಗೆ ಎಣ್ಣೆಯೇ ತಾಗಿರಲಿಲ್ಲ. ಕ್ಲಿಪ್ಪಿನ ಮೇಲೆ ದಾಳಿಂಬೆ ಬಣ್ಣದ ಹನಿ, ಚಿನ್ನದ ಪುಡಿ ಹಾಕಿದ್ದು. ನಾನೇ ಅವರಿಗೆ ಹೇಳ್ದೆ."

"ನೀನೇ ಹೇಳಿದ್ಯಾ?"

"ನಾನೇ."

ಅವರು ಮೊರ ಕೆಳಗಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು ನಿಧಾನವಾಗಿ ಗೋಡೆಗೆ ಒರಗಿದರು.

"ಇಷ್ಟು ವರ್ಷ ಸ್ಪ್ಯಾನರ್ ಕೊಟ್ಟೆ. ಎರಡು ಬೋಲ್ಟ್ ಹಾಕೋಕೆ ಬರಲ್ವಾ ನಂಗೆ? ಚೆನ್ನಾಗೇ ಕೂರಿಸಿದ್ದೆ."

"ಕೂರಿಸಿದ್ದು ಚೆನ್ನಾಗಿತ್ತು ಅತ್ತಿಗೆ. ಒಳಗೆ ಎಣ್ಣೆ ಹಾಕೋದು ಮರೆತಿರಿ."

"ಎಣ್ಣೆ." ಒಂದು ಕ್ಷಣ ಅವರ ತುಟಿ ನಗುವಿಗೆ ತಿರುಗಿತು. "ಒಗ್ಗರಣೆಗೇ ಎರಡು ದಿನದಿಂದ ಎಣ್ಣೆ ಇಲ್ಲ ಈ ಮನೇಲಿ. ಯಾರು ತರ್ತಾರೆ?"

ನಗು ಅಲ್ಲಿಯೇ ಮುರಿಯಿತು.

"ಯಾಕೆ ಹೋದ್ರಿ? ಬೀಗ ಹೇಗೆ ತೆಗೆದ್ರಿ?"

"ಶೆಡ್ಡಿನ ಕೀ ಒಂದು ನಿಮ್ಮಣ್ಣನ ಗೊಂಚಲಲ್ಲೇ ಇದೆ. ಕಾರು ನೋಡ್ಕೊಳ್ಳೋನು ಅವನೇ ತಾನೆ? ಮಧ್ಯಾಹ್ನ ಯಜಮಾನರು ಆಸ್ಪತ್ರೇಲಿ ಇರ್ತಾರೆ. ಹೋದೆ. ಎಲ್ಲಾರೂ ಡಬ್ಬಿ ಸೋರ್ತು, ಡಬ್ಬಿ ಸೋರ್ತು ಅಂತಿದ್ರಲ್ಲ. ನನ್ನ ಗಂಡ ಕೂರಿಸಿದ್ದು ಸೋರಲ್ಲ ಪುಟ್ಟಿ. ಅವನ ಹನಿ ಒಡೆದಿಲ್ಲ ಅಂತ ನನ್ನ ಕಣ್ಣಾರೆ ನೋಡಿ, ಫೋಟೋ ಹೊಡ್ಕೊಂಡು ಬರೋಣ ಅಂತ ಹೋದೆ. ಅಷ್ಟೇ."

"ಮತ್ತೆ?"

"ಡಬ್ಬೀನೇ ಇರಲಿಲ್ಲ."

ಪಾತ್ರೆಯ ಮೇಲೆ ನಲ್ಲಿಯ ಹನಿ ಬೀಳುತ್ತಿತ್ತು. ಎದ್ದು ನಲ್ಲಿ ಬಿಗಿ ಮಾಡಿದೆ, ಸುಮ್ಮನೆ ಕೈಗೊಂದು ಕೆಲಸ ಬೇಕಿತ್ತು.

"ಡಬ್ಬಿ ಇಲ್ಲ, ಬ್ರಾಕೆಟ್ ಇಲ್ಲ. ಬರೀ ಎರಡು ತೂತು," ಅಂದರು ಅತ್ತಿಗೆ. "ಒಂದು ಪೈಪು ಜೋತಾಡ್ತಿತ್ತು. ಎಂಜಿನ್ನಿಂದ ಬರೋ ಇನ್ನೊಂದು ಪೈಪಿನ ಬಾಯಿಗೆ ಬಿರಡೆ ಜಡಿದಿತ್ತು."

"ಬಿರಡೆ?"

ಅವರು ಎದ್ದು ಹೊಲಿಗೆ ಡಬ್ಬಿ ತಂದರು. ದಾರದ ಉಂಡೆಗಳ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು.

ಹೆಬ್ಬೆರಳ ಗಾತ್ರದ ಅಲ್ಯೂಮಿನಿಯಂ ಬಿರಡೆ. ಲೇತು ಯಂತ್ರದಲ್ಲಿ ಕಡೆದದ್ದು. ಪೈಪಿಗೆ ಕಚ್ಚಿ ನಿಲ್ಲಲಿ ಎಂದು ಸುತ್ತ ಮೂರು ಏಣು ತೆಗೆದಿದ್ದರು. ಕೆಲಸ ಗೊತ್ತಿದ್ದವರು ಅಳತೆ ಹಿಡಿದು, ಸಮಯ ಕೊಟ್ಟು ಮಾಡಿದ ವಸ್ತು. ಅದರ ಜೊತೆಗೆ ಅದನ್ನು ಪೈಪಿಗೆ ಬಿಗಿದಿದ್ದ ಕ್ಲಿಪ್ಪು.

ಆಗ ಡಿಪ್‌ಸ್ಟಿಕ್ ನನಗೆ ಅರ್ಥವಾಯಿತು. ಅದನ್ನು ಯಾರೂ ಎಳೆದಿರಲಿಲ್ಲ. ಎಂಜಿನ್ನಿನ ಮೂಗು ಮುಚ್ಚಿದ್ದರು. ಬೆಟ್ಟ ಹತ್ತುವಾಗ ಉಸಿರು ಹೋಗಲು ದಾರಿಯಿಲ್ಲದೆ ಒತ್ತಡ ಏರಿದೆ, ಕಡ್ಡಿಯನ್ನು ಕೊಳವೆಯಿಂದ ಒದ್ದು ಹೊರಹಾಕಿದೆ, ಅದರ ಹಿಂದೆ ಎಣ್ಣೆ ಚಿಮ್ಮಿದೆ. ಪಕ್ಕದಲ್ಲೇ ಕೆಂಡದಂಥ ಟರ್ಬೊ.

ಇದು ಅಳವಡಿಕೆಯ ತಪ್ಪಲ್ಲ. ಇದನ್ನು ಬೇಕೆಂದೇ ಮಾಡಿದ್ದಾರೆ. ಆ ಹುಡುಗ ಸ್ಟೀರಿಂಗ್ ಹಿಡಿದು ಕೂರುತ್ತಾನೆ ಎಂದು ಗೊತ್ತಿದ್ದೇ ಮಾಡಿದ್ದಾರೆ.

"ಅತ್ತಿಗೆ, ಇದನ್ನ ಯಾಕೆ ಬಚ್ಚಿಟ್ರಿ? ಅಣ್ಣನ್ನ ಬಿಡಿಸೋ ಸಾಕ್ಷಿ ಇದು. ಪೊಲೀಸರಿಗೆ ಕೊಟ್ಟಿದ್ರೆ ಆ ದಿನವೇ ಮುಗೀತಿತ್ತು."

"ಸರಿಯಾಗಿ ನೋಡು."

"ನೋಡ್ದೆ."

"ಕ್ಲಿಪ್ಪು ನೋಡು ಪುಟ್ಟಿ."

ಕಿಟಕಿಯ ಬೆಳಕಿಗೆ ಹಿಡಿದೆ. ಸ್ಕ್ರೂ ತಲೆಯ ಮೇಲೆ ಒಂದು ಹನಿ. ಶಾಖಕ್ಕೆ ಕಂದಿ ಅಂಚು ಸುರುಟಿತ್ತು, ಆದರೆ ಎಲ್ಲಿಯೂ ಒಡೆದಿರಲಿಲ್ಲ.

ನವಿಲು ಬಣ್ಣ.

"ಒಡೆದಿಲ್ಲ," ಅಂದರು ಅತ್ತಿಗೆ. "ಬಿರಡೆ ಜಡಿದ ಮೇಲೆ ಇಟ್ಟ ಹನಿ ಅದು. ಯಾರೋ ಬಂದು ಆಮೇಲೆ ಬಿಚ್ಚಿ ಹಾಕಿದ್ರೆ ಒಡೀತಿತ್ತು. ಈ ಬಿರಡೆ ಮೇಲೆ ನನ್ನ ಗಂಡನ ಗುರುತಿದೆ. ಇದನ್ನ ಪೊಲೀಸರಿಗೆ ಕೊಡ್ಲಾ ನಾನು? ಅದಕ್ಕೇ ಸ್ಕ್ರೂ ಮುಟ್ಟದೆ, ಪೈಪಿನ ತುದಿ ಕೊಯ್ದು ಕ್ಲಿಪ್ಪು ಸಮೇತ ಕಿತ್ತೆ. ಹಲಗೆ ಮೇಲಿನ ಡಬ್ಬಿ ತಗೊಂಡು ಹೋಗಿ ಕೂರಿಸ್ದೆ. ಸೋರದೆ ಇರೋ ಡಬ್ಬಿ ಕಂಡ್ರೆ ಅವನನ್ನ ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಎಲ್ಲಾ ಮುಗಿದ ಮೇಲೆ ಕೈ ತಾನಾಗೇ ಹೋಗಿ ಹನಿ ಇಟ್ಟುಬಿಡ್ತು. ಹನಿ ಇಲ್ಲದೆ ಅವನು ಯಾವ ಕೆಲಸ ಮುಗಿಸಿದ್ದಾನೆ ಹೇಳು. ಬ್ಯಾಗಲ್ಲಿ ಇದ್ದದ್ದು ಆ ಬಾಟಲಿ. ಬಣ್ಣದ ಯೋಚನೆ ಮನೆಗೆ ಬಂದ ಮೇಲೆ ಬಂತು."

"ನವಿಲು ಬಣ್ಣದ್ದು ಎಲ್ಲಿದೆ?"

"ಅವತ್ತು ಅವನೇ ಟೂಲ್ ಬಾಕ್ಸಿಗೆ ಹಾಕ್ಕೊಂಡ. ವಾಪಸ್ ಕೊಟ್ಟಿಲ್ಲ."

"ಟೂಲ್ ಬಾಕ್ಸ್ ಯಾವಾಗ್ಲೂ ಗ್ಯಾರೇಜಲ್ಲಿ ತೆರೆದೇ ಇರುತ್ತೆ," ಅಂದೆ. "ಯಾರು ಬೇಕಾದ್ರೂ ತಗೋಬಹುದು. ಯಜಮಾನರೂ ಆ ವಾರ ದಿನಾ ಬರ್ತಿದ್ರು. ಅತ್ತಿಗೆ, ಭಾನುವಾರ ನಾನು ಟಾರ್ಚ್ ಹಿಡಿದಿದ್ದೆ. ಪೈಪು ಡಬ್ಬಿಗೆ ಹೋಗಿತ್ತು. ಬಿರಡೆ ಇರಲಿಲ್ಲ."

"ಭಾನುವಾರ ಇರಲಿಲ್ಲ. ಸೋಮವಾರ?" ಅವರು ನನ್ನ ಮುಖ ನೋಡಲಿಲ್ಲ. "ಲೇತು ಯಾರ ಗ್ಯಾರೇಜಲ್ಲಿದೆ ಪುಟ್ಟಿ?"

ನಮ್ಮ ಗ್ಯಾರೇಜಿನಲ್ಲಿದೆ. ಹಿಂದಿನ ಗೋಡೆಗೆ, ಕಿಟಕಿಯ ಕೆಳಗೆ.

ಬಿರಡೆಯನ್ನು ಬಟ್ಟೆಯಿಂದ ತೆಗೆದು ಊಟದ ಮೇಜಿನ ನಟ್ಟನಡುವೆ ಇಟ್ಟೆ. ಅತ್ತಿಗೆ ಅದರ ಮೇಲೆ ತಟ್ಟೆ ಬೋರಲು ಹಾಕಲು ಬಂದರು. ಕೈ ಅಡ್ಡ ಹಿಡಿದೆ.

"ಬೇಡ. ಅಣ್ಣನನ್ನೇ ಕೇಳೋಣ."

"ಕೇಳಿ ಏನು ಮಾಡ್ತೀಯ? ಹೌದು ಅಂದ್ರೆ?"

"ಹೌದು ಅಂದ್ರೂ ಐದಕ್ಕೆ ಹೋಗ್ತೀನಿ," ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ಅಲ್ಲ ಅಂದ್ರೂ ಹೋಗ್ತೀನಿ. ಆ ಹುಡುಗ ಇನ್ನು ಮೇಲೆ ಲೋಟ ಹಿಡೀತಾನೋ ಇಲ್ವೋ ಗೊತ್ತಿಲ್ಲ ಅತ್ತಿಗೆ. ಇದನ್ನ ನಿಮ್ಮ ದಾರದ ಉಂಡೆ ಕೆಳಗೆ ಇಡೋಕಾಗಲ್ಲ."

ಅತ್ತಿಗೆ ತಟ್ಟೆ ಹಿಡಿದುಕೊಂಡೇ ನಿಂತರು.

ಗೇಟಿನ ಸದ್ದಾಯಿತು. ಅಣ್ಣ ಚಪ್ಪಲಿ ಕಳಚುವ ಸದ್ದು. ಎಡಗಾಲಿನದು ಮೊದಲು, ಆಮೇಲೆ ಬಲಗಾಲಿನದು ಗೋಡೆಗೆ ತಾಗಿ ಬೀಳುವುದು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

"ಸದ್ಯಕ್ಕೆ ಬಿಟ್ಟರು," ಎನ್ನುತ್ತ ಒಳಗೆ ಬಂದ. "ಸಂಜೆ ಮತ್ತೆ ಹೋಗಬೇಕಂತೆ. ಠಾಣೆ ಬೆಂಚಿನ ಒಂದು ಕಾಲು ಕುಂಟು. ಮೂರು ಗಂಟೆ ತೂಗಾಡಿಸಿದರು. ಒಂದು ಸ್ಪ್ಯಾನರ್ ಇದ್ದಿದ್ರೆ ಸರಿ ಮಾಡಿ ಬರ್ತಿದ್ದೆ." ನನ್ನನ್ನು ನೋಡಿದ. "ಏನು ಪುಟ್ಟಿ, ಅಂಗಡಿಗೆ ಚಕ್ಕರಾ?"

ಅವನ ಕಣ್ಣು ಅತ್ತಿಗೆಯ ಕೈಯಲ್ಲಿದ್ದ ತಟ್ಟೆಗೆ ಹೋಯಿತು. ಅಲ್ಲಿಂದ ಮೇಜಿಗೆ.

ಏನೂ ಗೊತ್ತಿಲ್ಲದವನು ಅದನ್ನು ಎತ್ತಿ ನೋಡುತ್ತಿದ್ದ. ಇದೇನಿದು ಎಂದು ಕೇಳುತ್ತಿದ್ದ. ಅಲ್ಯೂಮಿನಿಯಂ ತುಂಡು ಕಂಡರೆ ಕೈಗೆತ್ತಿಕೊಳ್ಳದೆ ಬಿಡುವವನಲ್ಲ ಅಣ್ಣ.

ಅವನು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತ. ಆಮೇಲೆ ತೀರಾ ಮೆಲ್ಲಗೆ ಕೇಳಿದ.

"ಇದು ನಿಮಗೆ ಸಿಕ್ಕಿದ್ದು ಯಜಮಾನರಿಗೆ ಗೊತ್ತಾ?"

ಅತ್ತಿಗೆಯ ಕೈಯಿಂದ ತಟ್ಟೆ ಜಾರಿತು. ಅದು ನೆಲದ ಮೇಲೆ ಸುತ್ತಿ ಸುತ್ತಿ ನಿಂತಿತು. ನಾನು ಬಿರಡೆಯನ್ನೂ ಕ್ಲಿಪ್ಪನ್ನೂ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಅವನ ಎದುರಿನ ಕುರ್ಚಿ ಎಳೆದು ಕುಳಿತೆ.

"ಹೇಳು ಅಣ್ಣ," ಅಂದೆ. "ಐದು ಗಂಟೆಗೆ ಇನ್ನೂ ಹೊತ್ತಿದೆ."

ಅವನು ಹೇಳಲಿಲ್ಲ. ಐದಕ್ಕೆ ಮೊದಲು ನಾನು ಕೈಚೀಲ ಎತ್ತಿಕೊಂಡು ಸರ್ವೇಯರ್ ಹತ್ತಿರ ಹೊರಟೆ.

ಇಷ್ಟು ಮಾತ್ರ ನಾನು ಬಲ್ಲೆ. ಭಾನುವಾರ ಆ ಕಾರಿನಲ್ಲಿ ಡಬ್ಬಿ ಇತ್ತು, ಬೆಂಕಿಯ ದಿನ ಇರಲಿಲ್ಲ. ಎರಡನೆಯ ಡಬ್ಬಿ ಕೂರಿಸಿದ್ದು ನನ್ನ ಅತ್ತಿಗೆ. ಮೊದಲಿನದು ಎಲ್ಲಿದೆ, ಬಿರಡೆ ಕಡೆದ ಕೈ ಯಾರದು, ಅದರ ಮೇಲೆ ನವಿಲು ಬಣ್ಣದ ಹನಿ ಇಟ್ಟದ್ದು ನನ್ನ ಅಣ್ಣನೋ, ಅಣ್ಣನ ಪದ್ಧತಿ ಗೊತ್ತಿದ್ದ ಇನ್ನೊಬ್ಬರೋ, ಯಾವುದೂ ನನಗೆ ಗೊತ್ತಿಲ್ಲ.